ಹೆಪ್ಪಿನ ಕುಡಿಕೆ ತೊಳೆದ ಬೇಸಿಗೆ

ಮನೆಗೆ ಫ್ರಿಜ್ಜು ಬರುವುದಕ್ಕೆ ಮುಂಚಿನ ಮಾತು ಇದು. ಆಗ ಸಂಸಾರ ತೂಗಿಸುವ ವಿದ್ಯೆಯನ್ನು ಯಾರೂ ಪುಸ್ತಕ ನೋಡಿ ಕಲಿಯುತ್ತಿರಲಿಲ್ಲ, ಮೊಬೈಲಂತೂ ಇರಲೇ ಇಲ್ಲ. ಅಜ್ಜಿ ಹೇಳುವಳು, ಸೊಸೆಯಂದಿರು ಮಾಡುವರು, ಮಕ್ಕಳಾದ ನಾವು ಬೈಸಿಕೊಳ್ಳುವೆವು. ಕಾಳಿಗೆ ಬೂದಿ ಬೆರೆಸಿಡು. ಒದ್ದೆ ಕೈ ಉಪ್ಪಿಗೆ ಹಾಕಬೇಡ. ದೀಪ ಹಚ್ಚಿದ ಮೇಲೆ ಕಸ ಗುಡಿಸಬೇಡ. ಬರಿದು ತೊಟ್ಟಿಲು ತೂಗಬೇಡ, ಕೂಸಿಗೆ ಹೊಟ್ಟೆನೋವು ಬರುತ್ತದೆ. ನಿಮ್ಮ ಮನೆಯಲ್ಲೂ ಇವೇ ಮಾತು ಇದ್ದವು ಅಂತ ನನಗೆ ಗೊತ್ತು. ನೀವು ಕೇಳಿಸಿಕೊಂಡು ಸುಮ್ಮನಿದ್ದಿರಿ, ನಾನು ಸುಮ್ಮನಿರುವ ಪೈಕಿ ಆಗಿರಲಿಲ್ಲ.

ನಮ್ಮೂರು ಇರುವುದು ಹರಪನಹಳ್ಳಿಯಿಂದ ಬಾಗಳಿ ಕಡೆಗೆ ಹೋಗುವ ದಾರಿಯಲ್ಲಿ. ನಾನು ಐದನೇ ಕ್ಲಾಸು ಮುಗಿಸಿದ್ದ ಬೇಸಿಗೆ ಅದು. ನಮ್ಮ ಮೇಷ್ಟ್ರು "ಏನನ್ನೂ ಮಾಡಿ ನೋಡದ ನಂಬಬ್ಯಾಡ್ರಿ" ಅಂತ ಹೇಳಿ ರಜೆ ಕೊಟ್ಟು ಕಳಿಸಿದ್ದರು. ಪಾಪ, ಅವರು ಹೇಳಿದ್ದು ಬೀಜ ಮೊಳಕೆ ಒಡೆಯುವುದರ ಬಗ್ಗೆ. ನಾನು ಅದನ್ನು ಅಜ್ಜಿಯ ಮೇಲೆ ತಿರುಗಿಸಿದೆ. ಹಳೇ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಅಜ್ಜಿಯ ಒಂದೊಂದೇ ಮಾತು ಬರೆದು, ಮುಂದೆ 'ನಿಜ' ಇಲ್ಲವೇ 'ಸುಳ್ಳು' ಅಂತ ಬರೆಯಲು ಜಾಗ ಬಿಟ್ಟೆ.

ಎರಡು ಡಬ್ಬಿಯಲ್ಲಿ ಅಲಸಂದಿ ಕಾಳು ಹಾಕಿ ಒಂದಕ್ಕೆ ಮಾತ್ರ ಬೂದಿ ಬೆರೆಸಿ ಅಟ್ಟದ ಮೂಲೆಗೆ ಬಚ್ಚಿಟ್ಟೆ. ಕೆಲವು ವಾರ ಬಿಟ್ಟು ತೆಗೆದರೆ ಬೂದಿ ಇಲ್ಲದ ಡಬ್ಬಿಯಲ್ಲಿ ನುಸಿ ಹರಿದಾಡುತ್ತಿತ್ತು. ನಿಜ. ಒದ್ದೆ ಕೈಯನ್ನು ಉಪ್ಪಿನ ಭರಣಿಗೆ ಅದ್ದಿದೆ, ಉಪ್ಪು ನೀರೊಡೆಯಿತು. ಅದೂ ನಿಜ. ದೀಪ ಹಚ್ಚಿದ ಮೇಲೆ ಪಡಸಾಲೆ ಗುಡಿಸಿದೆ, ಏನೂ ಆಗಲಿಲ್ಲ. ಸುಳ್ಳು. ಬರಿದು ತೊಟ್ಟಿಲನ್ನು ಮಧ್ಯಾಹ್ನವೆಲ್ಲ ತೂಗಿದೆ. ಮನೆಯಲ್ಲಿ ಕೂಸೇ ಇರಲಿಲ್ಲ, ಹೊಟ್ಟೆನೋವು ಯಾರಿಗೆ ಬರಬೇಕು? ಆ ಸಾಲಿನ ಮುಂದೆ 'ಗೊತ್ತಿಲ್ಲ' ಅಂತ ಬರೆದೆ.

ಆ ವರ್ಷ ನಮ್ಮನೆಗೆ ಹೊಸ ಚಿಕ್ಕಮ್ಮ ಬಂದಿದ್ದಳು. ಹೆಸರು ಶೈಲಾ, ಕೊಟ್ಟೂರಿನವಳು, ನಮ್ಮ ಚಿಕ್ಕಪ್ಪನ ಹೆಂಡತಿ. ನಕ್ಕರೆ ಬಾಯಿಗೆ ಸೆರಗು ಅಡ್ಡ ಹಿಡಿಯುವಳು. ರೊಟ್ಟಿ ಬಡಿಯುವುದು ಮೊದಲಿನಿಂದಲೂ ನಮ್ಮವ್ವನ ಪಾಲಿನ ಕೆಲಸ. ಹೆಪ್ಪು ಮಾತ್ರ ಅಜ್ಜಿಯದು. ದಿನಾ ಮುಂಜಾನೆ ಗಟ್ಟಿ ಮೊಸರಿನಲ್ಲಿ ಒಂದು ಸೌಟು ತೆಗೆದು ಸಣ್ಣ ಮಣ್ಣಿನ ಕುಡಿಕೆಗೆ ಹಾಕಿ ನೆಲುವಿನ ಮೇಲೆ ತೂಗಿಡುವುದು, ಸಂಜೆ ಕಾಸಿದ ಹಾಲು ಉಗುರುಬೆಚ್ಚಗೆ ಆದ ಮೇಲೆ ಅದನ್ನೇ ಹೆಪ್ಪು ಹಾಕುವುದು. ಹೆಪ್ಪಿನ ಕುಡಿಕೆ ಎಂದೂ ಬರಿದಾಗಬಾರದು, ಅದನ್ನು ಬೂದಿ ಹಾಕಿ ತಿಕ್ಕಬಾರದು. ಸೋಮವಾರ, ಅದರಲ್ಲೂ ದೀಪ ಹಚ್ಚಿದ ಮೇಲೆ, ಹೆಪ್ಪನ್ನು ಹೊರಗೆ ಕೊಡಬಾರದು. ಇಷ್ಟೂ ಹೇಳಿಕೊಟ್ಟು ಅಜ್ಜಿ ಆ ಬೇಸಿಗೆ ಕುಡಿಕೆಯನ್ನು ಚಿಕ್ಕಮ್ಮನ ಕೈಗೆ ಕೊಟ್ಟಳು. ತಿಜೋರಿ ಕೀಲಿ ಕೊಟ್ಟಿದ್ದರೂ ಚಿಕ್ಕಮ್ಮ ಅಷ್ಟು ಹಿಗ್ಗುತ್ತಿರಲಿಲ್ಲ.

ನನಗೆ ಹತ್ತಿದ ಹುಳ ಬೇರೆ. ಮೊಸರು ಆಗಬೇಕಾದರೆ ಹೆಪ್ಪು ಬೇಕು, ಹೆಪ್ಪು ಅಂದರೆ ನಿನ್ನೆಯ ಮೊಸರು. ಹಾಗಾದರೆ ಮೊಟ್ಟಮೊದಲನೆಯ ಹೆಪ್ಪು ಎಲ್ಲಿಂದ ಬಂತು?

"ನಮ್ಮತ್ತಿ ಕೊಟ್ಲು," ಅಂದಳು ಅಜ್ಜಿ.

"ಅವರಿಗೆ?"

"ಅವರ ಅತ್ತಿ. ಆಕಿ ಬಾಗಳಿ ಹೆಣ್ಮಗಳು. ತವರಿಂದ ಬರ್ತಾ ಕುಡಿಕ್ಯಾಗ ತಂದಿದ್ಲಂತ."

"ಬಾಗಳಿಯವರಿಗೆ ಯಾರು ಕೊಟ್ರು?"

"ಕಲ್ಲೇಶನ್ನ ಕೇಳೋಗು. ಇಲ್ಲಿ ನನ್ನ ತಲಿ ತಿನ್ನಬ್ಯಾಡ."

ಬಾಗಳಿ ಗುಡಿಯ ಕಲ್ಲೇಶ್ವರನ ತನಕ ಹೋಗದೆ ಎದುರು ಮನೆಯ ದುರುಗಮ್ಮನನ್ನು ಕೇಳಿದೆ. ಅವರದು ಕುರಿ ಸಾಕುವ ಮನೆತನ. ನಮ್ಮನೆಯಿಂದ ಅವರ ಮನೆಗೆ ಮಜ್ಜಿಗೆ, ಹಬ್ಬದ ಹೋಳಿಗೆ ಹೋಗುತ್ತಿದ್ದವು. ಅವರ ಮನೆಯಿಂದ ಮಾಡಿದ್ದು, ಕಾಸಿದ್ದು ನಮ್ಮನೆಗೆ ಬರುತ್ತಿರಲಿಲ್ಲ. ಅದೂ ಅಜ್ಜಿಯದೇ ಒಂದು ಕಟ್ಟಳೆ, ಅದನ್ನು ಯಾಕೋ ನಾನು ನೋಟ್‌ಬುಕ್ಕಿನಲ್ಲಿ ಬರೆದಿರಲಿಲ್ಲ. ದುರುಗಮ್ಮ ಯೋಚನೆ ಮಾಡಿ, "ಹೆಪ್ಪು ಇಲ್ದಾಗ ಮೆಣಸಿನಕಾಯಿ ತೊಟ್ಟು ಹಾಕ್ತಿದ್ರಂತ ನೋಡವಾ, ಹಿಂದಿನೋರು" ಅಂದಳು.

ಆ ವಾರ ನಮ್ಮ ಅಂಗಳದ ತುಂಬ ಮೆಣಸಿನಕಾಯಿ. ವರ್ಷದ ಖಾರ ಕುಟ್ಟಿಸುವ ಕಾಲ. ಓಣಿಯ ಹೆಣ್ಣುಮಕ್ಕಳು ಕೂತು ತೊಟ್ಟು ಬಿಡಿಸುತ್ತಿದ್ದರು, ದಾರಿಯಲ್ಲಿ ಹೋಗುವವರೂ ಸೀನುತ್ತಿದ್ದರು. ಬೇಕಾದಷ್ಟು ತೊಟ್ಟು ಕಾಲಿಗೆ ಸಿಗುತ್ತಿರುವಾಗ ನಾನು ಬಿಟ್ಟೇನೆ?

ಸೋಮವಾರ ಸಂಜೆ ಒಂದು ಸಂಗತಿ ಕಂಡೆ. ದೀಪ ಹಚ್ಚಿ ಆಗಿತ್ತು, ಅಜ್ಜಿ ಒಳಗೆ ಪೂಜೆಯಲ್ಲಿದ್ದಳು. ಹಿತ್ತಲ ಬಾಗಿಲಿಗೆ ದುರುಗಮ್ಮ ಬಂದಳು. ಅವರ ಎಮ್ಮೆ ಈದಿತ್ತು, ಗಿಣ್ಣದ ಹಾಲು ಮುಗಿದು ಅಂದೇ ಮೊದಲ ಸಲ ಹೆಪ್ಪು ಹಾಕಬೇಕಿತ್ತು. ಚಿಕ್ಕಮ್ಮ ಆಚೆ ಈಚೆ ನೋಡಿ, ಕುಡಿಕೆಯಿಂದ ಎರಡು ಚಮಚ ಅವಳ ಬಟ್ಟಲಿಗೆ ಹಾಕಿ ಕಳಿಸಿದಳು. ನಾನು ಖುಷಿಯಿಂದ ಬರೆದುಕೊಂಡೆ. ಮಂಗಳವಾರ ಮುಂಜಾನೆ ನೋಡಿದರೆ ನಮ್ಮ ಮೊಸರು ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಸುಳ್ಳು ಅಂತ ಬರೆದು ಕೆಳಗೆ ಗೆರೆ ಎಳೆದೆ.

ಅದೇ ಮಂಗಳವಾರ ನನ್ನ ದೊಡ್ಡ ಪ್ರಯೋಗ. ಎಲ್ಲರೂ ಅಂಗಳದಲ್ಲಿದ್ದಾಗ ಕುಡಿಕೆ ಇಳಿಸಿದೆ. ಒಳಗಿದ್ದ ಹೆಪ್ಪನ್ನು ಸಕ್ಕರೆ ಹಾಕಿಕೊಂಡು ತಿಂದೆ. ಹಳೆಯದು ಒಂಚೂರೂ ಉಳಿಯಬಾರದಲ್ಲ, ಅದಕ್ಕೆ ಕುಡಿಕೆಯನ್ನು ಬೂದಿ ಹಾಕಿ ಗಸಗಸ ತಿಕ್ಕಿ, ಬಿಸಿಲಿಗೆ ಒಣಗಿಸಿದೆ. ಹಸಿ ಹಾಲು ಹಾಕಿ ಏಳೆಂಟು ತೊಟ್ಟು ಬಿಟ್ಟು ಮತ್ತೆ ನೆಲುವಿಗೆ ಏರಿಸಿದೆ. ಸಂಜೆ ಹೋಗಿ ನೋಡಿದರೆ ಹಾಲು ಗಟ್ಟಿಯಾಗಿತ್ತು. ನನಗೆ ಕುಣಿಯುವ ಹಾಗಾಯಿತು. ಮೊಟ್ಟಮೊದಲ ಹೆಪ್ಪನ್ನು ನಾನೇ ಮಾಡಿದ್ದೆ. ತೊಟ್ಟುಗಳನ್ನು ಆರಿಸಿ ತೆಗೆದು ಸುಮ್ಮನಾದೆ. ಚಿಕ್ಕಮ್ಮ ಅದನ್ನೇ ಹೆಪ್ಪೆಂದು ಮನೆಯ ಅಷ್ಟೂ ಹಾಲಿಗೆ ಹಾಕಿದಳು.

ಬುಧವಾರ ಮುಂಜಾನೆ ಗಡಿಗೆಯ ಮುಚ್ಚಳ ತೆಗೆದರೆ ಮೊಸರಲ್ಲ, ಎಳೆಎಳೆಯಾದ ಲೋಳೆ. ಮೂಗು ಮುಚ್ಚಿಕೊಳ್ಳುವ ವಾಸನೆ. ಮಜ್ಜಿಗೆಯಾದರೂ ಇತ್ತೆ? ಅದನ್ನೆಲ್ಲ ಹಿಂದಿನ ದಿನವೇ ಮೆಣಸಿನಕಾಯಿ ಬಿಡಿಸಲು ಬಂದವರಿಗೆ ಅಂಬಲಿಯ ಜೊತೆ ಕೊಟ್ಟಾಗಿತ್ತು. ಮನೆಯಲ್ಲಿ ಹೆಪ್ಪಿನ ಒಂದು ಹನಿಯೂ ಇರಲಿಲ್ಲ.

"ಶೈಲಾ, ಏನಾತವಾ ಇದು?" ಅಜ್ಜಿ ಕೇಳಿದಳು.

"ಗೊತ್ತಿಲ್ರಿ ಅತ್ತಿ. ದಿನಾ ಹಾಕಿದಂಗ ಹಾಕೀನ್ರಿ."

ಅಜ್ಜಿ ಬೈಯಲಿಲ್ಲ. ಕುಡಿಕೆಯನ್ನು ತೆಗೆದು ಗೂಡಿನಲ್ಲಿ ಬೋರಲು ಹಾಕಿ, "ಇರ್ಲಿ ಬಿಡು. ಇನ್ನ ಮುಂದ ನಾನ ನೋಡ್ಕೋತೀನಿ" ಅಂದಳು. ಬೈದಿದ್ದರೆ ಚಿಕ್ಕಮ್ಮ ತಡೆದುಕೊಳ್ಳುತ್ತಿದ್ದಳೇನೋ. ಆ ಮಾತಿಗೆ ಅವಳ ಮುಖ ಸಣ್ಣಗಾಯಿತು.

ಓಣಿಯ ಬಾಯಿ ಸುಮ್ಮನಿರುತ್ತದೆಯೇ? ತೊಟ್ಟು ಬಿಡಿಸುತ್ತಿದ್ದವರಲ್ಲಿ ಒಬ್ಬಳು, "ಹೊಸ ಸೊಸಿ ಕೈಗುಣ ನೋಡ್ರಿ, ಹೆಪ್ಪ ಕೆಟ್ಟೋತು" ಅಂದಳು. ಇನ್ನೊಬ್ಬಳು ಹೂಂಗುಟ್ಟಿದಳು. ಕೈಗುಣ ಸರಿಯಿಲ್ಲ ಅನ್ನಿಸಿಕೊಂಡ ಹೆಣ್ಣುಮಗಳನ್ನು ನಮ್ಮ ಕಡೆ ಉಪ್ಪಿನಕಾಯಿ ಭರಣಿ ಮುಟ್ಟಗೊಡುವುದಿಲ್ಲ, ಬೀಜ ಬಿತ್ತುವ ದಿನ ಮುಂದೆ ಕರೆಯುವುದಿಲ್ಲ. ಅದು ಒಂದು ಸಲ ಅಂಟಿದರೆ ಮುಗಿಯಿತು. ಅಷ್ಟು ನನಗೂ ಗೊತ್ತಿತ್ತು.

ಚಿಕ್ಕಮ್ಮ ದಿನವೆಲ್ಲ ಮೆಣಸಿನಕಾಯಿ ರಾಶಿಯ ಮುಂದೆ ಕೂತು ಕಣ್ಣು ಒರೆಸಿಕೊಂಡಳು. ಖಾರದ ನೆಪ ಇತ್ತು, ಯಾರೂ ಕೇಳಲಿಲ್ಲ. ನಾನು ಹತ್ತಿರ ಹೋದಾಗ ಮೆಲ್ಲಗೆ ಅಂದಳು, "ಗಿರ್ಜಿ, ಯಾರಿಗೂ ಹೇಳಬ್ಯಾಡ. ಸೋಮವಾರ ದೀಪ ಹಚ್ಚಿದ ಮ್ಯಾಲೆ ದುರುಗಮ್ಮಗ ಹೆಪ್ಪು ಕೊಟ್ಟೆ. ಅತ್ತಿ ಬ್ಯಾಡ ಅಂದಿದ್ರು. ಅದಕ್ಕ ಹಿಂಗಾತು. ನನ್ನ ಕೈಯಾಗ ಏನೋ ದೋಷ ಐತಿ."

ಅವಳು ಬರೀ ಓಣಿಯ ಮಾತಿಗೆ ಅಳುತ್ತಿರಲಿಲ್ಲ, ತನ್ನದೇ ತಪ್ಪು ಅಂತ ನಂಬಿ ಅಳುತ್ತಿದ್ದಳು. ಅವಳದಲ್ಲ ಅನ್ನುವುದು ಈ ಲೋಕದಲ್ಲಿ ನನಗೊಬ್ಬಳಿಗೇ ಗೊತ್ತು. ಹೇಳಿದರೆ ಬೆನ್ನು ಮುರಿಯುತ್ತದೆ. ಹೇಳದಿದ್ದರೆ ಅವಳ ಕೈಗೆ ಆ ಮಾತು ಅಂಟುತ್ತದೆ. ಮಧ್ಯಾಹ್ನ ಊಟ ಸೇರಲಿಲ್ಲ. ಸಂಜೆ ಅಜ್ಜಿ ದೀಪ ಹಚ್ಚಿ ಬಂದು ಪಡಸಾಲೆಯಲ್ಲಿ ಕೂತಾಗ ನೋಟ್‌ಬುಕ್ಕು ತಂದು ಮುಂದಿಟ್ಟೆ.

"ನನಗೇನು ಓದಾಕ ಬರ್ತೈತೇನು? ನೀನ ಓದು," ಅಂದಳು.

ಓದಿದೆ. ಅಲಸಂದಿಯ ಸಾಲಿಗೆ ಅಜ್ಜಿ ತಲೆ ಆಡಿಸಿದಳು. ಉಪ್ಪಿನ ಸಾಲಿಗೆ "ಅದು ನೀನಾ ಮಾಡಿದ್ದು?" ಅಂದಳು. ತೊಟ್ಟಿಲ ಸಾಲಿಗೆ ನಗು ತಡೆದಳು. ನಾನು ಹೆದರಿಕೆಯಲ್ಲಿ ಎಲ್ಲೂ ನಿಲ್ಲಿಸದೆ ಓದುತ್ತಾ ಹೋದೆ. "ಸೋಮವಾರ ದೀಪ ಹಚ್ಚಿದ ಮೇಲೆ ಚಿಕ್ಕಮ್ಮ ದುರುಗಮ್ಮನಿಗೆ ಹೆಪ್ಪು ಕೊಟ್ಟಳು. ಮಂಗಳವಾರ ಮೊಸರು ಗಟ್ಟಿ. ಸುಳ್ಳು." ಓದಿದ ಮೇಲೆ ಗೊತ್ತಾಯಿತು, ಹೇಳಬೇಡ ಅಂದಿದ್ದನ್ನು ಹೇಳಿಬಿಟ್ಟೆ ಅಂತ. ಚಿಕ್ಕಮ್ಮ ಅಡುಗೆಮನೆಯ ಬಾಗಿಲಲ್ಲಿ ಕಂಬದ ಹಾಗೆ ನಿಂತಿದ್ದಳು. ಅಳುತ್ತಲೇ ಕೊನೆಯ ಸಾಲನ್ನೂ ಓದಿದೆ, ಕುಡಿಕೆ ತಿಕ್ಕಿದ್ದು, ತೊಟ್ಟು ಹಾಕಿದ್ದು, ಎಲ್ಲ.

"ಚಿಕ್ಕಮ್ಮನ ಕೈಗುಣ ಅಲ್ಲಜ್ಜಿ. ಆಕಿ ಕೊಟ್ಟ ಮ್ಯಾಲೂ ಮೊಸರು ಚಲೋನ ಆಗಿತ್ತು. ಕೆಡಿಸಿದ್ದು ನಾನು."

ಅಜ್ಜಿ ಎದ್ದು, ಬೋರಲಾಗಿದ್ದ ಕುಡಿಕೆ ತಗೊಂಡಳು. "ಹಂಗಾದ್ರ ನಮ್ಮ ಹೆಪ್ಪು ದುರುಗಿ ಮನ್ಯಾಗ ಐತಿ," ಅಂದು ಓಣಿ ದಾಟಿದಳು. ನಾನು ಹಿಂದೆಯೇ ಓಡಿದೆ. ಅಜ್ಜಿ ಕೈಯಲ್ಲಿ ಪಾತ್ರೆ ಹಿಡಿದು ಇನ್ನೊಬ್ಬರ ಮನೆ ಬಾಗಿಲಿಗೆ ಹೋದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ದುರುಗಮ್ಮ ಗಾಬರಿಯಾದಳು. "ದೊಡ್ಡಮ್ಮಾರ, ನಮ್ಮ ಗಡಿಗ್ಯಾಂದು ನೀವು ಹೆಂಗ ತಗೋತೀರಿ?"

"ನಿಮ್ಮ ಗಡಿಗ್ಯಾಗ ಇರೋದು ನಮ್ಮದ ಅಲ್ಲೇನವಾ? ಹಾಕು."

"ದೀಪ ಹಚ್ಚೀವಲ್ರಿ."

ಅಜ್ಜಿ ನಕ್ಕಳು. "ಕತ್ತಲ್ಯಾಗ ಕೊಡಾಕ ಹೋದ್ರ ಇದ್ದಷ್ಟೂ ಸುರುವಿಬಿಡ್ತೀವಿ, ನಮಗ ಹೆಪ್ಪು ಹಾಕಾಕ ಉಳಿಯಂಗಿಲ್ಲ. ಅದಕ್ಕ ಬ್ಯಾಡ ಅಂತಿದ್ರು ಹಿರ್ಯಾರು. ಕತ್ತಲ್ಯಾಗ ಕಸ ಗುಡಿಸಿದ್ರ ಮೂಗುತಿ ಬಿದ್ದದ್ದೂ ತಿಪ್ಪಿಗೆ ಹೋಗ್ತೈತಿ. ನೀ ನಮಗ ಕೊಟ್ಟು, ನಿನಗ ಒಂದೀಟು ಉಳಿಸ್ಕೊ, ಅಷ್ಟ ಸಾಕು."

ಹಾಗಾದರೆ ಪ್ರತಿ ಮಾತಿಗೂ ಒಂದು ಕಾರಣ ಇತ್ತು. ಅದನ್ನು ಮೊದಲೇ ಹೇಳಿದ್ದರೆ ಏನು ಗಂಟು ಹೋಗುತ್ತಿತ್ತು ಅಂತ ನನಗೆ ಸಿಟ್ಟೂ ಬಂತು. ಹಾಗಂತ ಅಜ್ಜಿಯನ್ನು ಕೇಳುವ ಧೈರ್ಯ ಮಾತ್ರ ಆಗ ಇರಲಿಲ್ಲ.

ಮನೆಗೆ ಬಂದು ಅಜ್ಜಿ ಕುಡಿಕೆಯನ್ನು ಚಿಕ್ಕಮ್ಮನ ಎರಡೂ ಕೈಗೆ ಇಟ್ಟಳು. "ನೀನ ಹಾಕು. ನೀ ಅವತ್ತು ಕೊಟ್ಟಿದ್ದಕ್ಕ ಇವತ್ತು ಸಿಕ್ತು." ಮರುದಿನ ಮೊಸರು ಎಂದಿನಂತೆ ಆಯಿತು. ಅಂಗಳದಲ್ಲಿ ಕೂತವರಿಗೆ ಕೇಳುವ ಹಾಗೆ ಅಜ್ಜಿ, "ನಮ್ಮ ಶೈಲಾ ಹಾಕಿದ್ದು, ಚಮಚ ನೆಟ್ಟಗ ನಿಂತೈತಿ ನೋಡ್ರಿ" ಅಂದು ಎಲ್ಲರ ಕೈಗೂ ಹಾಕಿದಳು. ನನಗೆ ಶಿಕ್ಷೆ, ಉಳಿದ ಮೆಣಸಿನಕಾಯಿಯ ತೊಟ್ಟೆಲ್ಲ ಬಿಡಿಸುವುದು. ಉರಿಯುವ ಕೈಗೆ ರಾತ್ರಿ ಬೆಣ್ಣೆ ಸವರಿದವಳು ಚಿಕ್ಕಮ್ಮ. ನೋಟ್‌ಬುಕ್ಕಿನಲ್ಲಿ ಅಜ್ಜಿ ತಾನೇ ಹೇಳಿ ಒಂದು ಸಾಲು ಬರೆಸಿದಳು: "ಇಟ್ಟ ಹೆಪ್ಪು ಒಂದಿನ ಕೆಡ್ತೈತಿ, ಕೊಟ್ಟ ಹೆಪ್ಪು ಉಳಿತೈತಿ." ಮುಂದೆ ನಿಜ ಅಂತ ಬರೆ ಅಂದಳು. ಮಾಡಿ ನೋಡಿಯಾಗಿತ್ತು, ಬರೆದೆ.

ಅಜ್ಜಿ ಹೋಗಿ ಬಹಳ ವರ್ಷವಾಯಿತು. ನಾನೀಗ ಹರಪನಹಳ್ಳಿಯಲ್ಲೇ ಇದ್ದೇನೆ, ಬೂದಿ ಬೇಕೆಂದರೂ ನನ್ನ ಮನೆಯಲ್ಲಿ ಹಿಡಿ ಬೂದಿ ಸಿಗುವುದಿಲ್ಲ. ಕಳೆದ ತಿಂಗಳು ನನ್ನ ಮಗಳು, ಮೊದಲನೆಯ ಹೆಪ್ಪು ಎಲ್ಲಿಂದ ಬಂತು ಅಂತ ತಾನಾಗಿಯೇ ಕೇಳಿದಳು. ಇವಳಿಗೂ ಆ ಹುಳ ಹತ್ತಿತಲ್ಲ ಅಂತ ಖುಷಿಯಾಗಿ, ಬಾಗಳಿಯಿಂದ ಬಂದ ಹೆಪ್ಪನ್ನೇ ತೋರಿಸೋಣವೆಂದು ಸಣ್ಣ ಡಬ್ಬಿ ಹಿಡಿದು ಅವಳ ಜೊತೆ ಊರಿಗೆ ಹೋದೆ.

ಚಿಕ್ಕಮ್ಮ ಫ್ರಿಜ್ಜು ತೆಗೆದು ಪಾಕೀಟು ತೋರಿಸಿದಳು. "ದನ ಮಾರಿದ ಮ್ಯಾಲೆ ಹಾಲು ಎಲ್ಲೈತಿ ಗಿರ್ಜಿ? ಇದ ಮೊಸರು." ನಾನು ಸೋಲಲಿಲ್ಲ, ಕೊಟ್ಟ ಹೆಪ್ಪು ಉಳಿದಿರುತ್ತದೆ ಅಂದುಕೊಂಡು ಮಗಳ ಕೈ ಹಿಡಿದು ಓಣಿ ದಾಟಿದೆ. ದುರುಗಮ್ಮನ ಸೊಸೆ ಪ್ರೀತಿಯಿಂದ ಕೂರಿಸಿ, ಒಳಗೆ ಹೋಗಿ, ಅದೇ ಬಣ್ಣದ ಅದೇ ಪಾಕೀಟು ತಂದಳು. ಒಂದೇ ಅಂಗಡಿಯದು.

ನಮ್ಮ ಹೆಪ್ಪು ಯಾವತ್ತು ಮುಗಿಯಿತು ಅಂತ ಎರಡೂ ಮನೆಯಲ್ಲಿ ಕೇಳಿದೆ. ಕೊನೆಯ ಸಲ ಕುಡಿಕೆ ತೊಳೆದದ್ದು ಯಾರು ಅನ್ನುವುದು ಯಾರಿಗೂ ನೆನಪಿಲ್ಲ. ನಾನು ತೊಳೆದಾಗ ಒಂದು ಮನೆಯೇ ಅತ್ತಿತ್ತು. ಡಬ್ಬಿಯನ್ನು ಬರಿದೇ ತಂದೆ.