ಮಣಿಕೊಂಡದ ದುಬೈ

ನಾನು ಓದಿದ್ದು ನಾಲ್ಕನೇ ಇಯತ್ತೆಯವರೆಗೆ. ಕಂಪ್ಯೂಟರು ಅದನ್ನು ಯಾವತ್ತೂ ಕೇಳಿಲ್ಲ. ಹಾಗಾಗಿ ನಮ್ಮಿಬ್ಬರಿಗೂ ಹೊಂದಿಕೆಯಾಯಿತು.

ಗಂಡ ಹೈದರಾಬಾದಿನ ನಾಚಾರಂನ ಕಾರ್ಖಾನೆಯಲ್ಲಿದ್ದ ಕಾಲದಲ್ಲಿ ನಾನು ಹಿಮಾಯತ್‌ನಗರದ ಒಂದು ಸ್ಟುಡಿಯೊದ ಕಪ್ಪು-ಬಿಳುಪು ಫೋಟೊಗಳಿಗೆ ಮನೆಯಲ್ಲಿ ಕೂತು ಬಣ್ಣ ಹಚ್ಚುತ್ತಿದ್ದೆ. ಕಡ್ಡಿಗೆ ಹತ್ತಿ ಸುತ್ತಿ ಕೆನ್ನೆಗೆ ಗುಲಾಬಿ, ಸೀರೆಯ ಅಂಚಿಗೆ ಹಳದಿ. ಕಲರ್ ಫೋಟೊ ಬಂದು ಆ ಕೆಲಸ ಸತ್ತಿತು. ಆಮೇಲೆ ಗಂಡನೂ ಸತ್ತ. ಮಗ ಮಣಿಕೊಂಡದಲ್ಲಿ ಫ್ಲ್ಯಾಟು ಹಿಡಿದು, ಮೊಮ್ಮಗಳ ಓದಿಗೆಂದು ಕಂಪ್ಯೂಟರು ತಂದ. ಅವಳು ಸ್ಕೂಲಿಗೆ ಹೋದ ಮೇಲೆ ಅದು ಖಾಲಿ ಕೂತಿರುತ್ತಿತ್ತು. ಮನೆಯಲ್ಲಿ ಖಾಲಿ ಕೂತದ್ದನ್ನು ನಾನು ಸಹಿಸುವುದಿಲ್ಲ. ಮೊಮ್ಮಗಳಿಂದಲೇ ಮೌಸು ಹಿಡಿಯುವುದನ್ನು ಕಲಿತೆ. ಅದೇ ಸ್ಟುಡಿಯೊದವರು ಹಳೇ ಫೋಟೊಗಳನ್ನು ರಿಪೇರಿಗೆ ಕಳಿಸತೊಡಗಿದರು. ಇಂಥವರಿಗೆ ಫ್ರೀಲಾನ್ಸ್ ಆರ್ಟಿಸ್ಟ್ ಅನ್ನುತ್ತಾರಂತೆ. ಸಂಬಳವಿಲ್ಲದವರಿಗೆ ಇಂಗ್ಲಿಷಿನಲ್ಲಿ ಒಳ್ಳೆಯ ಹೆಸರಿದೆ.

ಹತ್ತಿಯ ಕೆಲಸದಲ್ಲಿ ಕೈ ತಪ್ಪಿದರೆ ಫೋಟೊ ಹೋಯಿತು. ಇದರಲ್ಲಿ ತಪ್ಪನ್ನು ವಾಪಸ್ ತೆಗೆದುಕೊಳ್ಳಬಹುದು. ಅದರಿಂದ ನಾನೇನೂ ಜಾಣಳಾಗಲಿಲ್ಲ, ಗಿರಾಕಿಗಳ ಆಸೆ ಹೆಚ್ಚಾಯಿತು ಅಷ್ಟೆ. ತೀರಿಕೊಂಡವರ ಕಣ್ಣು ತೆರೆಸಿ ಅನ್ನುತ್ತಾರೆ. ಬದುಕಿದ್ದಾಗ ಒಟ್ಟಿಗೆ ನಿಂತೇ ಇರದ ಗಂಡ ಹೆಂಡತಿಯನ್ನು ಒಂದೇ ಸೋಫಾದ ಮೇಲೆ ಕೂರಿಸಿ ಅನ್ನುತ್ತಾರೆ. ಕೂರಿಸುತ್ತೇನೆ. ಅವರು ತಕರಾರು ಮಾಡುವುದಿಲ್ಲ.

ಆಗ ಮಣಿಕೊಂಡದ ಸುತ್ತ ಬಂಡೆ ಒಡೆದು ಕಂಪನಿಗಳಿಗೆ ಗಾಜಿನ ಕಟ್ಟಡ ಎಬ್ಬಿಸುತ್ತಿದ್ದರು. ಪಕ್ಕದ ಸೈಟಿನಲ್ಲಿ ರಾಯಚೂರು ಕಡೆಯ ಜನ ಕೆಲಸಕ್ಕಿದ್ದರು. ಅವರಲ್ಲೊಬ್ಬಳು ನಮ್ಮ ನಲ್ಲಿಗೆ ನೀರಿಗೆ ಬರುತ್ತಿದ್ದಳು. ಒಂದು ದಿನ ಕೊಡದ ಜೊತೆ ತನ್ನ ಮದುವೆಯ ಫೋಟೊನೂ ತಂದಳು.

"ಅಮ್ಮಾರ, ಇದರಾಗಿಂದ ನನ್ನ ಗಂಡನ್ನ ಬ್ಯಾರೆ ತಗದು ಹಾರ ಹಾಕಿಕೊಡ್ರಿ."

"ಯಾವಾಗ ತೀರಿಕೊಂಡ?"

"ತೀರಿಕೊಂಡಿಲ್ಲರಿ. ಇನ್ನೊಬ್ಬಾಕಿ ಕೂಡ ಪುಣೇಕ ಹೋಗ್ಯಾನ."

ಅವಳ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಹುಡುಗ ಟೈಲ್ಸ್ ಹಾಕುವವನು, ಮಗಳಿಗೂ ಒಪ್ಪಿಗೆಯಿತ್ತು. ಹಿಂದೆ ಬಂದ ಸಂಬಂಧವೊಂದು ಅಪ್ಪನ ವಿಷಯ ತಿಳಿದು ಎದ್ದುಹೋಗಿತ್ತು. ಇದೂ ಹೋಗಬಾರದು.

"ಸತ್ತ ಅಂದ್ರ ಯಾರೂ ಏನೂ ಕೇಳಂಗಿಲ್ಲರಿ. ಓಡಿಹೋದ ಅಂದ್ರ, ಮಗಳಿಗೂ ಕಾಲು ಅದಾವಲ್ಲ ಅಂತಾರ."

"ಹಾರ ನಾ ಹಾಕತೀನಿ. ನಿನ್ನ ಹಣಿ ಏನ ಮಾಡತಿ?"

ಅವಳು ಹಣೆ ಮುಟ್ಟಿಕೊಂಡಳು. ದೊಡ್ಡ ಕುಂಕುಮ, ಕೈತುಂಬ ಹಸಿರು ಬಳೆ. ಗೋಡೆಯ ಮೇಲೆ ಗಂಡನಿಗೆ ಹಾರ ಹಾಕಿ ಕೆಳಗೆ ಹೀಗೆ ಕೂತರೆ ಬಂದವರು ಏನಂದಾರು?

"ಇದನ್ಯಾಕ ತಗೀಲಿ? ಅವ ಬರೂಕಿಂತ ಮೊದಲಿಂದ ಹಚ್ಚಿಕೊಂಡೀನಿ."

"ಹಂಗಾರ ಅವ ಸಾಯಂಗಿಲ್ಲ."

"ಸಾಯಾಕೂ ಉಪಯೋಗಕ್ಕ ಬರಲಿಲ್ಲಲ್ಲ, ಭಾಡ್ಯಾ!"

ಕೊನೆಗೆ ಅವನನ್ನು ದುಬೈಗೆ ಕಳಿಸಿದೆವು. ಹೈದರಾಬಾದಿನಲ್ಲಿ ಗಂಡಸು ಮನೆಯಲ್ಲಿಲ್ಲ, ದುಬೈಯಲ್ಲಿದ್ದಾನೆ ಅಂದರೆ ಯಾರೂ ಹುಬ್ಬೇರಿಸುವುದಿಲ್ಲ. ಬಾಸಿಂಗ ತೆಗೆದೆ, ಅದು ಮುಚ್ಚಿದ್ದ ಹಣೆ ಬರೆದೆ, ಕೂದಲು ಅಲ್ಲಲ್ಲಿ ನರೆಸಿದೆ, ಹೊಟ್ಟೆ ಬೆಳೆಸಿದೆ. ಬೇರೆ ಯಾರದೋ ಕೋಟು ತೊಡಿಸಿದೆ. ಹಿಂದುಗಡೆಗೆ, ಮೊಮ್ಮಗಳು ಸ್ಕೂಲಿನ ಕೆಲಸಕ್ಕೆಂದು ಇಲ್ಲೇ ತೆಗೆದಿದ್ದ ಫೋಟೊಗಳಲ್ಲಿ ಒಂದು ಸಿಕ್ಕಿತು. ನೀಲಿ ಗಾಜು, ಅಗಲ ಮೆಟ್ಟಿಲು, ಅಕ್ಕಪಕ್ಕ ಖರ್ಜೂರದ ಗಿಡ. ಬೋರ್ಡು ಅಳಿಸಿದೆ. ಸಾಕಷ್ಟು ದುಬೈ ಆಯಿತು. ಸ್ಟುಡಿಯೊದಿಂದ ಪ್ರಿಂಟು ಬಂದಾಗ ಅವಳು ಗಂಡನ ಮುಖ ಬಿಟ್ಟು ಬೇರೇನೂ ನೋಡಲಿಲ್ಲ.

"ನನ್ನ ಕೂಡ ಇದ್ದಾಗ ಇಷ್ಟು ಚೆಂದ ಇರಲಿಲ್ಲರಿ ಇವ," ಅಂದಳು.

ಹೆಣ್ಣು ನೋಡುವ ದಿನ ಹಿರಿಯಳಾಗಿ ನನ್ನನ್ನೂ ತಗಡಿನ ಶೆಡ್ಡಿಗೆ ಕರೆದಳು. ಹುಡುಗ, ಅವನ ಅಪ್ಪ, ಅವ್ವ ಬಂದಿದ್ದರು. ಅಪ್ಪ ಗೋಡೆಯತ್ತ ನೋಡಿ ಕೇಳಿದ:

"ದುಬೈದಾಗ ಏನ್ ಕೆಲಸರಿ ಬೀಗರದು?"

"ಸೂಪರ್‌ವೈಸರ್," ಅಂದೆ ನಾನು.

ಹುಡುಗನ ಅವ್ವ ಎದ್ದು ಫೋಟೊ ಇಳಿಸಿ ಬಾಗಿಲ ಬೆಳಕಿಗೆ ಹಿಡಿದಳು.

"ಏ, ಇದು ನಮ್ಮ ಸೈಟ್ ಅಲ್ಲೇನು? ಈ ಮೆಟ್ಟಿಲ ಮ್ಯಾಲ ಕುಂತು ದಿನಾ ರೊಟ್ಟಿ ತಿಂದೀವಿ!"

"ಹೌದಲ್ಲ! ಈ ಗಾಜು ನಾನ ಮ್ಯಾಲ ಏರಿಸಿದ್ದು," ಅಂದ ಅವಳ ಗಂಡ.

"ಒಳಗಿನ ಟೈಲ್ಸ್ ನಂದು," ಅಂದ ಹುಡುಗ, ಹುಡುಗಿಗೆ ಕೇಳುವಂತೆ.

ಈ ಜನಕ್ಕೆ ಯಾವ ಕಟ್ಟಡ ತೋರಿಸಿದರೂ ಅದನ್ನು ಅವರೇ ಕಟ್ಟಿರುತ್ತಾರೆ ಎಂಬುದು ನನಗೆ ಹೊಳೆದೇ ಇರಲಿಲ್ಲ.

ಹುಡುಗಿಯ ಅವ್ವ ಸ್ಟೋವಿನಿಂದ ಚಾ ಇಳಿಸಿದಳು. ಆಮೇಲೆ ತಾನೇ ಬಾಯಿಬಿಟ್ಟಳು.

"ಓಡಿ ಹೋಗ್ಯಾನರಿ. ಪುಣೇಕ. ಎದ್ದು ಹೋಗೂದಿದ್ರ ಚಾ ಕುಡದು ಹೋಗ್ರಿ."

ಹುಡುಗನ ಅವ್ವ ಫೋಟೊ ಹಿಡಿದೇ ಬಂದು ಕೂತಳು.

"ಹುಡುಗೀನ ಯಾರು ಸಾಕಿದ್ರು?"

"ನಾನ."

"ಮತ್ತ ನಡುವ ಇವನ್ಯಾಕ ತಂದಿ? ನಿನ್ನ ನೋಡಿ ಮಾಡಿಕೊಂತೀವಿ."

ಅವಳ ಗಂಡ ಗಂಟಲು ಸರಿಮಾಡಿಕೊಂಡ. "ನೀವು ಚಾ ಕುಡೀರಿ," ಅಂದಳು ಅವನಿಗೆ. ಅವನು ಕುಡಿದ. ಸಂಬಂಧ ಕೂಡಿತು. ಆಮೇಲೆ ಅವಳು ನನ್ನ ಕಡೆ ತಿರುಗಿದಳು.

"ಇದನ್ನ ಮಾಡಿದಾಕಿ ನೀವೇನ್ರಿ?"

"ಹೌದು. ತಪ್ಪೇನೈತಿ?"

"ತಪ್ಪಲ್ಲರಿ. ಕೆಲಸ ಮುಗದ ಮ್ಯಾಲ ಅಲ್ಲಿ ನಿಂತು ಒಂದು ಫೋಟೊ ತಗಸೋಣಂತ ಹೋಗಿದ್ವಿ. ಆ ವಾಚ್‌ಮನ್ ನಾಯಿ ಓಡಿಸಿದಂಗ ಓಡಿಸಿದ. ಇವನ್ನ ತಗದು ನಮ್ಮಿಬ್ಬರು ಬೀಗಿತ್ತೇರನ್ನ ನಿಲ್ಲಸಾಕ ಆಕೈತೇನು?"

ಆಗುತ್ತದೆ ಅಂದೆ. ಮದುವೆಗೆ ಮೊದಲೇ ಬೀಗಿತ್ತಿಯರಿಬ್ಬರೂ ಹೊಸ ಸೀರೆ ಉಟ್ಟು ಬಂದು, ನಮ್ಮ ಅಡುಗೆಮನೆಯ ಗೋಡೆಯ ಮುಂದೆ ನಿಂತರು. ಮೊಮ್ಮಗಳು ಫೋಟೊ ತೆಗೆದಳು. ಅವನನ್ನು ಅಳಿಸಲು ಹೊತ್ತು ಹಿಡಿಯಲಿಲ್ಲ. ಆದರೆ ಅವನ ಜಾಗ ಇಬ್ಬರಿಗೆ ಸಾಲದೆ ಒಂದು ಖರ್ಜೂರದ ಗಿಡ ತೆಗೆಯಬೇಕಾಯಿತು. ಇಬ್ಬರ ನೆರಳನ್ನು ಮೆಟ್ಟಿಲ ಮೇಲೆ ಸರಿಯಾಗಿ ಬೀಳಿಸುವುದರಲ್ಲಿ ಇಡೀ ಮಧ್ಯಾಹ್ನ ಹೋಯಿತು. ಅಲ್ಲಿ ನಿಜವಾಗಿ ನಿಂತವರಿಗೆ ನೆರಳು ಪುಕ್ಕಟೆ ಬೀಳುತ್ತದೆ.