ಫ್ರೀ ಬಸ್ಸಿನಲ್ಲಿ ಶರಣಮ್ಮ

ಚಿಕ್ಕಬಾಣಾವರದಲ್ಲಿ ನಮ್ಮ ಮನೆಯ ಹಿಂದೆ ಆರು ಬಾಡಿಗೆ ರೂಮುಗಳಿವೆ. ಮೊದಲು ಅಲ್ಲಿ ರಾಗಿ ಹೊಲ ಇತ್ತಂತೆ. ನಾನು ಮದುವೆಯಾಗಿ ಬರುವ ಹೊತ್ತಿಗೆ ಹೊಲ ಹೋಗಿ ಶೀಟಿನ ರೂಮುಗಳು ಬಂದಿದ್ದವು. ನಮ್ಮತ್ತೆ ಭಾಗ್ಯಮ್ಮನವರು ಮಾತ್ರ ಇವತ್ತಿಗೂ ಬಾಡಿಗೆಯವರ ಬಾಗಿಲ ಮುಂದೆ ನಿಂತು, "ಇಗೋ ಇಲ್ಲಿ ಅವರೆ ಸಾಲು ಹಾಕ್ತಿದ್ವಿ" ಅಂತ ಕೈ ತೋರಿಸುತ್ತಾರೆ. ಅವರೂ ಪಾಪ, ಬಾಡಿಗೆಗಿರುವವರು, ತಲೆಯಾಡಿಸುತ್ತಾರೆ.

ಕೊನೆಯ ರೂಮಿನಲ್ಲಿ ಹದಿನಾರು ವರ್ಷದಿಂದ ಇರುವವಳು ಶರಣಮ್ಮ. ಯಾದಗಿರಿ ಜಿಲ್ಲೆಯ ಶಹಾಪುರದ ಕಡೆಯವಳು, ವಯಸ್ಸು ಐವತ್ತೈದರ ಆಚೀಚೆ. ಗಂಡ ನೀಲಪ್ಪ ಗಾರೆ ಕೆಲಸಕ್ಕೆ ಹೋಗುತ್ತಾನೆ. ಪೀಣ್ಯ ಎರಡನೇ ಹಂತದಲ್ಲಿ ನಾನು ಸ್ಟೋರ್ಸ್ ನೋಡಿಕೊಳ್ಳುವ ಫ್ಯಾಕ್ಟರಿಯಲ್ಲೇ ಇವಳದು ಕಸ ಗುಡಿಸುವ ಕೆಲಸ. ಅದನ್ನು ಕೊಡಿಸಿದ್ದು ನಾನೇ ಅನ್ನುವ ಜಂಬ ನನಗೆ ಬಹಳ ದಿನ ಇತ್ತು. ಎದುರಿಗೆ ಸಿಕ್ಕಾಗ ನೀವು, ಬನ್ನಿ ಅಂತಲೇ ಮಾತಾಡಿಸುತ್ತೇನೆ. ಬರೆಯುವಾಗ ಮಾತ್ರ ಅವಳು ಅಂತಲೇ ಬರುತ್ತದೆ. ಹತ್ತಿರದವರನ್ನು ಬಹುವಚನದಲ್ಲಿ ಬರೆಯೋಕೆ ನನಗೆ ಬರುವುದಿಲ್ಲ.

ಕೆಲಸ ಕೊಡಿಸಿದೆನೇ ಹೊರತು ಅವಳು ಅಲ್ಲಿಗೆ ಹೇಗೆ ಬರುತ್ತಾಳೆ ಅಂತ ನಾನು ಕೇಳಿರಲೇ ಇಲ್ಲ. ನಾನು ಸ್ಕೂಟಿಯಲ್ಲಿ ಭರ್ ಅಂತ ಹೋಗಿಬಿಡುತ್ತಿದ್ದೆ. ಒಂದು ದಿನ ಬಾಗಲಗುಂಟೆ ಹತ್ತಿರ ರಸ್ತೆ ಅಂಚಿನಲ್ಲಿ, ಕೈಯಲ್ಲಿ ಬುತ್ತಿ ಗಂಟು ಹಿಡಿದು, ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ನಡೆಯುತ್ತಿದ್ದವಳನ್ನು ನೋಡಿ ಬ್ರೇಕ್ ಹಾಕಿದೆ.

"ನಡ್ಕೊಂಡು ಹೋಗ್ತಿದ್ದೀರಾ? ದಿನಾನಾ?"

"ಹೌದ್ರೀ. ಒಂದೂಕಾಲು ತಾಸು. ರೂಢಿ ಆಗ್ಯಾದ."

"ಬಸ್ಸಿದೆಯಲ್ಲ ಶರಣಮ್ಮ?"

"ಬಸ್ಸಿಗಿ ಕೊಡೋ ರೊಕ್ಕದಾಗ ಕಾಯಿಪಲ್ಯ ಬರ್ತದ ದೀಪವ್ವ."

ಸ್ಕೂಟಿ ಹತ್ತಿ ಅಂದರೆ, ಬೀಳ್ತೀನಿ ಅಂತ ಹತ್ತಲಿಲ್ಲ. ನಾನೂ ಜಾಸ್ತಿ ಬಲವಂತ ಮಾಡಲಿಲ್ಲ ಅನ್ನುವುದನ್ನು ಒಪ್ಪಿಕೊಂಡುಬಿಡುತ್ತೇನೆ. ಹೀಗೆ ಹದಿಮೂರು ವರ್ಷ ನಡೆದಳು.

ಆಮೇಲೆ ಸರ್ಕಾರ ಬದಲಾಯಿತು, ಐದು ಗ್ಯಾರಂಟಿ ಬಂದವು. ನಮ್ಮ ಮನೆಯವರು ದಿನಾ ಸಂಜೆ ಟಿವಿ ಮುಂದೆ ಕೂತು, "ರಾಜ್ಯ ಮುಳುಗೋಯ್ತು ಕಣೇ, ಎಲ್ಲಾ ಬಿಟ್ಟಿ ಕೊಟ್ಟು ಜನಾನ ಹಾಳು ಮಾಡ್ಬಿಟ್ರು" ಅಂತ ಕೊರಗಲು ಶುರು ಮಾಡಿದರು. ಅದೇ ತಿಂಗಳುಗಳಲ್ಲಿ ನಮ್ಮ ಮನೆಯ ಕರೆಂಟ್ ಬಿಲ್ಲು ಸೊನ್ನೆ ಬಂತು. ಆ ಬಿಲ್ಲನ್ನು ಅವರು ಪಕ್ಕದ ಮನೆಯವರಿಗೆಲ್ಲ ತೋರಿಸಿಕೊಂಡು ಬಂದರು, ಫ್ರೇಮ್ ಹಾಕಿಸುವುದೊಂದು ಬಾಕಿ. ಅತ್ತೆಗೆ ಯಜಮಾನಿ ಅಂತ ಎರಡು ಸಾವಿರ ಬರತೊಡಗಿತು, ಒಂದೊಂದು ತಿಂಗಳು ತಡವಾದರೆ ಮೊದಲು ಗೊಣಗುವವರು ನಮ್ಮ ಮನೆಯವರೇ. ನಮ್ಮ ಮನೆಗೆ ಬಂದಿದ್ದು ಸವಲತ್ತು, ಹಿಂದಿನ ರೂಮಿಗೆ ಹೋಗಿದ್ದು ಬಿಟ್ಟಿ. ಈ ಮಾತನ್ನು ಒಂದು ದಿನ ಮುಖಕ್ಕೆ ಹೇಳಿದೆ. ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟಿದ್ದರು.

ಬಸ್ಸು ಹೆಂಗಸರಿಗೆ ಫ್ರೀ ಆದ ದಿನ ನಾನೇ ಹಿತ್ತಲಿಗೆ ಹೋಗಿ ಶರಣಮ್ಮನಿಗೆ ಹೇಳಿದೆ. ಅವಳು ನಂಬಲಿಲ್ಲ. "ಇವತ್ತ ಪುಕ್ಕಟ ಅಂತಾರ. ನಾಳೆ ಎಲ್ಲಾ ಕೂಡಿಸಿ ಒಮ್ಮಿಗೇ ಕೇಳಿದ್ರ ನಾ ಎಲ್ಲಿಂದ ಕೊಡ್ಲಿ?" ಅಂದಳು. ಹದಿನೈದು ದಿನ, ಪಕ್ಕದಲ್ಲೇ ಹೆಂಗಸರಿಂದ ತುಂಬಿದ ಬಸ್ಸುಗಳು ಹೋಗುತ್ತಿದ್ದರೂ, ಇವಳು ಬುತ್ತಿ ಗಂಟು ಹಿಡಿದು ನಡೆದೇ ಬಂದಳು.

ಅವಳನ್ನು ಬಸ್ಸು ಹತ್ತಿಸಿದ್ದು ನಾನಲ್ಲ, ಕಂಡಕ್ಟರ್ ಸುಮಂಗಲಾ. ಬಾದಾಮಿ ಕಡೆಯ ಹುಡುಗಿ, ಮೂವತ್ತು ಮೂವತ್ತೆರಡು ವರ್ಷ ಇರಬೇಕು, ಮಾತು ಖಡಕ್. ದಿನಾ ಬೆಳಗ್ಗೆ ಒಂದೇ ತಿರುವಿನಲ್ಲಿ ಈ ಹೆಂಗಸು ನಡೆಯುವುದನ್ನು ನೋಡಿ ನೋಡಿ ತಡೆಯದೆ ಒಂದು ದಿನ ಸ್ಟಾಪ್ ಇಲ್ಲದ ಕಡೆ ವಿಷಲ್ ಊದಿ ಬಸ್ಸು ನಿಲ್ಲಿಸಿದಳಂತೆ.

"ಯವ್ವಾ, ಹತ್ತು ಮ್ಯಾಲೆ. ಹದಿನೈದು ದಿನಾತು ನೋಡಾಕತ್ತೀನಿ. ಕಾಲು ಏನು ಕಬ್ಬಿಣದ್ದಾವೇನು ನಿಂದು?"

"ರೊಕ್ಕ ತಂದಿಲ್ಲವ್ವ."

"ರೊಕ್ಕ ಕೇಳಿದವರ್ಯಾರು? ಆಧಾರ್ ಕಾರ್ಡ್ ಐತಿಲ್ಲೋ, ಅದನ್ನ ತೋರ್ಸು ಸಾಕು."

ತನ್ನ ಕಡೆಯ ಮಾತು ಕಿವಿಗೆ ಬಿದ್ದದ್ದೇ ಶರಣಮ್ಮ ಹತ್ತಿಬಿಟ್ಟಳು. ಸರ್ಕಾರವನ್ನು ನಂಬದವಳು ಆ ಹುಡುಗಿಯನ್ನು ನಂಬಿದಳು. ಆಮೇಲೆ ಪೆಟ್ರೋಲ್ ರೇಟು ನೋಡಿ ನನ್ನ ಸ್ವಾಭಿಮಾನವೂ ಅದೇ ಬಸ್ಸು ಹತ್ತಿತು. ಹಾಗಾಗಿ ಇನ್ನು ಮುಂದಿನದೆಲ್ಲ ನಾನು ಕಣ್ಣಾರೆ ಕಂಡದ್ದು.

ಸುಮಂಗಲಾಗೆ ಒಂದು ಹಟ ಇತ್ತು. ಫ್ರೀ ಆದರೂ ಪ್ರತಿಯೊಬ್ಬ ಹೆಂಗಸೂ ಜೀರೋ ಟಿಕೆಟ್ ತೆಗೆದುಕೊಳ್ಳಲೇಬೇಕು. ಹೇಗೂ ದುಡ್ಡಿಲ್ಲವಲ್ಲ, ಚೀಟಿ ಯಾಕೆ ಅಂತ ಎಷ್ಟೋ ಜನ ಮುಖ ತಿರುಗಿಸುತ್ತಿದ್ದರು. ಅಂಥವರಿಗೆ ಅವಳು, "ಟಿಕೆಟ್ ತಗೊಂಡ್ರ ನೀವು ಬಂದದ್ದು ಸರ್ಕಾರಕ್ಕ ಗೊತ್ತಾಗ್ತೈತ್ರೀ. ಇಲ್ಲಾಂದ್ರ ಬಸ್ ಖಾಲಿ ಬಂತು ಅಂತಾರ. ನಾಳೆ ಈ ಬಸ್ಸೂ ಇರಂಗಿಲ್ಲ" ಅಂತ ಪಾಠ ಮಾಡುತ್ತಿದ್ದಳು. ಚೆಕಿಂಗ್‌ನವರು ಹತ್ತಿದಾಗ ಟಿಕೆಟ್ ಇಲ್ಲದವರು ಒಬ್ಬರು ಸಿಕ್ಕರೂ ಸಾಕು, ಕೊಡದಿದ್ದ ತಪ್ಪಿಗೆ ಕಂಡಕ್ಟರಿಗೆ ಮೆಮೊ. ಕೊಟ್ಟರೂ ಬೇಡ ಅಂದಿದ್ದರೆ ಆ ಪ್ರಯಾಣಿಕರಿಗೆ ದಂಡ.

ಈ ಪಾಠ ಎಲ್ಲರಿಗಿಂತ ಹೆಚ್ಚು ತಲೆಗೆ ಹತ್ತಿದ್ದು ಶರಣಮ್ಮನಿಗೆ. ಮುಂದಿನ ಸೀಟಿನಲ್ಲಿ, ಸುಮಂಗಲಾ ನಿಲ್ಲುವ ಜಾಗದ ಪಕ್ಕದಲ್ಲೇ ಕೂತು, ಹತ್ತಿದವರನ್ನೆಲ್ಲ ವಿಚಾರಿಸುತ್ತಿದ್ದಳು. "ಏ ಹುಡುಗಿ, ಚೀಟಿ ತಗೊಂಡಿಯೇನು? ಮೊಬೈಲ್ ಆಮೇಲೆ ನೋಡು." ಗಾರ್ಮೆಂಟ್ಸ್ ಹುಡುಗಿಯರು ಅವಳಿಗೆ ಚಿಕ್ಕ ಕಂಡಕ್ಟರಮ್ಮ ಅಂತ ಹೆಸರಿಟ್ಟಿದ್ದರು. ಫ್ಯಾಕ್ಟರಿಯಲ್ಲಿ ಅವಳ ದನಿ ಯಾರಾದರೂ ಕೇಳಿದ್ದರೆ ಹೇಳಿ. ಪೊರಕೆ ಹಿಡಿದರೆ ಗೋಡೆಗೆ ಅಂಟಿಕೊಂಡು ಓಡಾಡುತ್ತಿದ್ದವಳು, ಬಸ್ಸಿನಲ್ಲಿ ಮಾತ್ರ ಊರ ಗೌಡತಿ.

ಅವರಿಬ್ಬರ ನಡುವೆ ಏನೋ ಬೆಳೆಯಿತು. ಸೋಮವಾರ ಸೋಮವಾರ ಶರಣಮ್ಮ ನಾಲ್ಕು ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ತರುವಳು. ಸುಮಂಗಲಾ ಎಂಟನೇ ಮೈಲಿಯ ಟ್ರಾಫಿಕ್ಕಿನಲ್ಲಿ ಬಸ್ಸು ನಿಂತಾಗ ಕಂಬಿಗೆ ಒರಗಿ ತಿನ್ನುವಳು. ಇಬ್ಬರೂ ಊರ ಕಡೆಯ ಮಾತನ್ನು ಬಾಯಿ ತುಂಬ ಆಡಿಕೊಳ್ಳುವರು. ಸುಮಂಗಲಾಗೆ ಆರು ವರ್ಷದ ಮಗಳಿದ್ದಾಳೆ. ಗಂಡ ಗುಳೇದಗುಡ್ಡದಲ್ಲಿ ಮಗ್ಗದ ಕೆಲಸ ಬಿಟ್ಟು ಬರುವ ಹಾಗಿಲ್ಲ. ಇವಳು ಶಿಫ್ಟ್ ಡ್ಯೂಟಿಯಲ್ಲಿ ಮಗುವನ್ನು ಇಲ್ಲಿ ಸಾಕುವ ಹಾಗಿಲ್ಲ. ಆ ಮಗು ಬೆಳೆದದ್ದೆಲ್ಲ ಅಜ್ಜಿಯ ಹತ್ತಿರ, ಅಜ್ಜಿಯನ್ನು ಅವ್ವ ಅನ್ನುತ್ತದೆ, ಹೆತ್ತವಳನ್ನು ಬಸ್ಸಿನವ್ವ ಅನ್ನುತ್ತದೆ. ಇದನ್ನು ಸುಮಂಗಲಾ ನಗುತ್ತಲೇ ಹೇಳಿದ್ದಳು. ಶರಣಮ್ಮ ನಗಲಿಲ್ಲ. ಊರ ಕಡೆಗೆ ವರ್ಗ ಮಾಡಿ ಅಂತ ಅರ್ಜಿ ಹಾಕಿ ಐದು ವರ್ಷವಾಗಿತ್ತು. ದಿನಾ ಬಸ್ಸು ಹತ್ತುತ್ತಿದ್ದ ಹಾಗೆ ಶರಣಮ್ಮನ ಮೊದಲ ಪ್ರಶ್ನೆ, "ಆರ್ಡರ್ ಬಂತೇನು ತಂಗಿ?"

ಹೋದ ಕಾರ್ತಿಕದಲ್ಲಿ ಒಂದು ಬುಧವಾರ, ಬಂತು.

ಹಿಂದಿನ ಸಂಜೆ ಪಟ್ಟಿ ಬಿಟ್ಟಿದ್ದರಂತೆ, ಅದರಲ್ಲಿ ಸುಮಂಗಲಾಳ ಹೆಸರಿತ್ತು. ಶನಿವಾರ ಇಲ್ಲಿಂದ ಬಿಡುಗಡೆ. ಒಂದೇ ಒಂದು ಷರತ್ತು, ಅಲ್ಲಿಯವರೆಗೆ ಅವಳ ಮೇಲೆ ಯಾವ ಕೇಸೂ, ಒಂದು ಮೆಮೊ ಕೂಡ, ಇರಬಾರದು. ಇದ್ದರೆ ಬಿಡುಗಡೆ ನಿಲ್ಲುತ್ತದೆ, ಮತ್ತೆ ಯಾವಾಗ ಅನ್ನುವುದು ದೇವರಿಗೇ ಗೊತ್ತು. ಅದನ್ನೆಲ್ಲ ಅವಳು ಶರಣಮ್ಮನಿಗೆ ಒಂದೇ ಉಸಿರಿಗೆ ಹೇಳಿದಳು. ಶರಣಮ್ಮ ಅವಳ ಕೆನ್ನೆ ಸವರಿ ನೆಟಿಗೆ ಮುರಿದಳು. ಮಗಳಿಗೆ ಯಾವ ಶಾಲೆ, ಹೆರಳು ಹಾಕೋಕೆ ಬರುತ್ತದೋ ಇಲ್ಲವೋ, ಯಾವ ಪಲ್ಯ ಇಷ್ಟ, ಮಾತಿಗೆ ಕೊನೆಯೇ ಇಲ್ಲ. ಬಾಗಲಗುಂಟೆಯಲ್ಲಿ ಒಂದು ಗುಂಪು ಹತ್ತಿತು. ಸುಮಂಗಲಾ ಹಿಂದಕ್ಕೆ ಹೋಗಿ ಒಬ್ಬೊಬ್ಬರಿಗೂ ಟಿಕೆಟ್ ಕೊಟ್ಟು ಬಂದಳು, ಮತ್ತೆ ಮಾತಿಗೆ ನಿಂತಳು.

ಎಂಟನೇ ಮೈಲಿಯಲ್ಲಿ ಚೆಕಿಂಗ್‌ನವರು ಇಬ್ಬರು ಹತ್ತಿದರು. ಹಿಂದಿನಿಂದ ನೋಡುತ್ತಾ ಬಂದರು, ಎಲ್ಲರ ಕೈಯಲ್ಲೂ ಟಿಕೆಟ್ ಇತ್ತು. ಕೊನೆಗೆ ಮುಂದಿನ ಸೀಟಿಗೆ ಬಂದು, "ಅಮ್ಮಾ, ನಿಮ್ದು?" ಅಂದರು.

ಶರಣಮ್ಮ ಕೈ ನೋಡಿಕೊಂಡಳು, ಸೆರಗಿನ ಗಂಟು ನೋಡಿದಳು. ಇರಲಿಲ್ಲ. ಬಸ್ಸಿಗೆಲ್ಲ ಕೊಟ್ಟವಳು ಪಕ್ಕದಲ್ಲೇ ಕೂತವಳಿಗೆ ಕೊಟ್ಟಿರಲಿಲ್ಲ. ಬಸ್ಸಿಗೆಲ್ಲ ಕೇಳುವವಳು ತನಗೆ ಕೇಳಿಕೊಂಡಿರಲಿಲ್ಲ. ಖುಷಿಯಲ್ಲಿ ಇಬ್ಬರೂ ಮರೆತಿದ್ದರು.

ಸುಮಂಗಲಾಳ ಮುಖ ಬಿಳುಚಿಕೊಂಡಿತು. ಚೆಕಿಂಗ್‌ನ ಹಿರಿಯರು ಮೆಮೊ ಬರೆಯುವ ಫಾರಂ ಪುಸ್ತಕ ತೆಗೆದು, "ಏನಮ್ಮಾ ಇದು, ಇಶ್ಯೂ ಮಾಡಿಲ್ವಾ?" ಅಂತ ಪೆನ್ನಿನ ಮುಚ್ಚಳ ತೆಗೆದರು. ಅವಳು "ಸಾರ್, ಅದು..." ಅನ್ನುವಷ್ಟರಲ್ಲಿ ಶರಣಮ್ಮ ಎದ್ದು ನಿಂತಳು.

"ಆಕಿಗೇನು ಕೇಳ್ತೀರಿ? ಆಕಿ ಎರಡು ಸರ್ತಿ ಕೊಡಾಕ ಬಂದ್ಳು. ನಾನೇ ಬ್ಯಾಡ ಅಂದೆ. ಪುಕ್ಕಟ ಬಸ್ಸಿಗಿ ಚೀಟಿ ಎದಕ್ಕ ಅಂತ ಬೈದು ಕಳಿಸೀನಿ."

"ಇಲ್ಲ ಸಾರ್, ತಪ್ಪು ನಂದು..." ಅಂತ ಸುಮಂಗಲಾ ಶುರು ಮಾಡಿದಳು.

"ನೀ ಸುಮ್ಕಿರು. ಮುದುಕಿ ಅಂತ ಕನಿಕರ ಮಾಡಬ್ಯಾಡ. ದಂಡ ಎಷ್ಟರೀ ಸಾಹೇಬ್ರ?"

ಅವರು ಇವಳ ಮುಖ ನೋಡಿದರು, ಅವಳ ಮುಖ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಹೌದಾ ಮೇಡಂ? ನೀವು ಪಕ್ಕದಲ್ಲೇ ಇದ್ರಲ್ಲ" ಅಂದರು. ನಾನು ಸತ್ಯವಂತೆ ಅಂತ ಹೆಸರು ತಗೊಂಡವಳು, ಫ್ಯಾಕ್ಟರಿಯಲ್ಲಿ ಒಂದು ಬೋಲ್ಟ್ ಕಮ್ಮಿ ಬಂದರೂ ಬರೆದಿಡುವವಳು. "ಹೌದು ಸಾರ್, ಆಯಮ್ಮನೇ ಬೇಡ ಅಂದಿದ್ದು" ಅಂದೆ. ನನ್ನ ಹಿಂದಿನ ಸೀಟಿನವರೂ ಹೌದು ಹೌದು ಅಂದರು. ಚೆಕಿಂಗ್ ಹಿರಿಯರಿಗೆ ಪೂರ್ತಿ ಗೊತ್ತಾಗಿತ್ತು ಅಂತಲೇ ನನ್ನ ಅನುಮಾನ, ಆದರೂ ಫಾರಂ ಪುಸ್ತಕ ಮುಚ್ಚಿ ದಂಡದ ರಸೀದಿ ಬರೆದರು. ಇನ್ನೂರು ರೂಪಾಯಿ. ಶರಣಮ್ಮ ಸೊಂಟದ ಸಂಚಿ ಬಿಚ್ಚಿ, ಸಂತೆಗೆ ಅಂತ ಇಟ್ಟಿದ್ದ ನೋಟುಗಳನ್ನು ಕೊಟ್ಟಳು. ಕಾಯಿಪಲ್ಯದ ರೊಕ್ಕ ಉಳಿಸಲು ಹದಿಮೂರು ವರ್ಷ ನಡೆದವಳು, ಫ್ರೀ ಬಸ್ಸಿನಲ್ಲಿ ಇನ್ನೂರು ರೂಪಾಯಿ ಎಣಿಸಿ ಕೊಟ್ಟಳು.

ಹಿಂದೆ ನಿಂತಿದ್ದ ಗಾರ್ಮೆಂಟ್ಸ್ ಹುಡುಗಿಯರಿಗೆ ವಿಷಯ ಗೊತ್ತಿರಲಿಲ್ಲ. "ನೋಡೇ, ಚಿಕ್ಕ ಕಂಡಕ್ಟರಮ್ಮನೇ ಸಿಕ್ಕಾಕೊಂಡ್ಲು. ನಮಗೆಲ್ಲ ಬುದ್ಧಿ ಹೇಳ್ತಿದ್ಲು" ಅಂತ ಕಿಸಕಿಸ ನಕ್ಕರು. ನನಗೆ ಎದ್ದು ಹೋಗಿ ಎರಡು ಬಾರಿಸಬೇಕು ಅನ್ನಿಸಿತು. ಶರಣಮ್ಮ ಕೇಳಿಸದವಳ ಹಾಗೆ ರಸೀದಿಯನ್ನು ಮಡಚಿ ಸಂಚಿಗೆ ಹಾಕಿಕೊಂಡಳು. ಆ ಹೊತ್ತಿನಲ್ಲಿ ನನಗೆ ಅವಳ ಮೇಲೆ ಬಂದ ಪ್ರೀತಿ ನನ್ನ ಹೆತ್ತ ತಾಯಿಯ ಮೇಲೂ ಬಂದದ್ದಿಲ್ಲ.

ಮರುದಿನ ಬಸ್ಸು ಹತ್ತಿದ್ದೇ ತಡ ಸುಮಂಗಲಾ ಇನ್ನೂರು ರೂಪಾಯಿ ತಂದು ಅವಳ ಕೈಯಲ್ಲಿಟ್ಟಳು. ಶರಣಮ್ಮ ಅದನ್ನು ಅವಳ ಬೆರಳುಗಳೊಳಗೆ ವಾಪಸು ಮಡಚಿದಳು.

"ನಿನ್ನ ಬಸ್ಸಿನಾಗ ಎರಡು ವರ್ಷ ಪುಕ್ಕಟ ಬಂದೀನಿ ತಂಗಿ. ನಿನ್ನ ಊರಿಗಿ ಕಳಿಸೋ ಟಿಕೆಟ್ಟಾದ್ರೂ ನನ್ನ ರೊಕ್ಕದಾಗ ಇರ್ಲಿ."

ಸುಮಂಗಲಾ ಅವಳ ಕಾಲು ಮುಟ್ಟಲು ಬಗ್ಗಿದಳು. ಡ್ರೈವರ್ ಬ್ರೇಕ್ ಹಾಕಿದ್ದಕ್ಕೆ ಮುಗ್ಗರಿಸಿ ಮಡಿಲಲ್ಲೇ ಬಿದ್ದಳು. ಇಬ್ಬರೂ ನಕ್ಕರು. ಶನಿವಾರ ಅವಳ ಬಿಡುಗಡೆಯಾಯಿತು, ರಾತ್ರಿ ಬಸ್ಸಿಗೇ ಹೊರಟಳು.

ಸೋಮವಾರ ನಾವಿಬ್ಬರೂ ಎಂದಿನಂತೆ ಸ್ಟಾಪಿಗೆ ಹೋದೆವು. ಬಸ್ಸು ಅದೇ, ಕಂಡಕ್ಟರ್ ಹೊಸಬರು, ನಮ್ಮ ತುಮಕೂರು ಕಡೆಯವರು, ಒಳ್ಳೆಯವರೇ. ಎಲ್ಲರಿಗೂ ಜೀರೋ ಟಿಕೆಟ್ ಕೊಟ್ಟರು, ಶರಣಮ್ಮನಿಗೂ ಕೊಟ್ಟರು. ಅವಳು ಅವತ್ತು ಯಾರನ್ನೂ ಚೀಟಿ ತಗೊಂಡಿಯೇನು ಅಂತ ವಿಚಾರಿಸಲಿಲ್ಲ. ಬಾಗಲಗುಂಟೆ ದಾಟಿದ ಮೇಲೆ ನನ್ನ ಕಡೆ ತಿರುಗಿ, "ಛಲೋ ಆತು ನೋಡು ದೀಪವ್ವ. ಮಗಳ ಹತ್ರ ಹೋದ್ಲು" ಅಂದಳು. ಹೌದು ಶರಣಮ್ಮ, ಒಳ್ಳೇದಾಯ್ತು ಅಂದೆ. ಅವಳು ಸೆರಗನ್ನು ಮುಖದ ಮೇಲೆ ಎಳೆದುಕೊಂಡು, ಎರಡನೇ ಹಂತದ ಸ್ಟಾಪು ಬರುವವರೆಗೂ ಅತ್ತಳು.