ಫ್ಯಾನ್ ಇಲ್ಲದ ಕಂಪ್ಯೂಟರ್

ಕಾರಿನ ಎಂಜಿನ್ ಅತಿಯಾಗಿ ಬಿಸಿಯಾಗದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಅಮೆರಿಕದ ಡಿಯರ್‌ಬಾರ್ನ್‌ನಲ್ಲಿ ಹದಿನಾಲ್ಕು ವರ್ಷಗಳಿಂದ ಅದನ್ನೇ ಮಾಡುತ್ತಿದ್ದೇನೆ. ಆದ್ದರಿಂದ ನನ್ನ ಗಂಡ ಸೌತ್‌ಫೀಲ್ಡಿನ ಯಾರದೋ ಮನೆಯ ಹಳೆ ಸಾಮಾನಿನ ಗರಾಜ್ ಸೇಲ್‌ನಿಂದ ನಲವತ್ತು ವರ್ಷ ಹಳೆಯ ಕಂಪ್ಯೂಟರೊಂದನ್ನು ಹೊತ್ತು ತಂದು, ಅದು ಹತ್ತು ನಿಮಿಷಕ್ಕೆಲ್ಲ ಕಾದು ನಿಂತುಹೋದಾಗ, ಸಹಜವಾಗಿಯೇ ನನ್ನೊಬ್ಬಳನ್ನು ಬಿಟ್ಟು ಉಳಿದವರೆಲ್ಲರ ಸಲಹೆ ಕೇಳಿದ.

ಮಾಸಿದ ಬಿಳಿಯ ಪೆಟ್ಟಿಗೆ. ಕೀಬೋರ್ಡ್ ಅದರ ಮೈಗೇ ಅಂಟಿಕೊಂಡಿತ್ತು. ಊಟದ ಮೇಜಿನ ಅರ್ಧ ಅದರದಾಯಿತು.

"ವಾಟ್ ಡಸ್ ಇಟ್ ಡೂ?" ಎಂದಳು ಮಗಳು.

"ಮೇಜನ್ನ ಬೆಚ್ಚಗಿಡತ್ತೆ" ಎಂದೆ.

ಗಂಡ ಕಿವಿಗೆ ಹಾಕಿಕೊಳ್ಳಲಿಲ್ಲ. "ಇದರಲ್ಲಿ ಫ್ಯಾನೇ ಇಲ್ಲ, ಗೊತ್ತಾ? ಸದ್ದು ಬರಬಾರದು ಅಂತ ಹಾಗೆ ಡಿಸೈನ್ ಮಾಡಿದಾರೆ. ತಳದಲ್ಲಿ ದಪ್ಪ ಅಲ್ಯೂಮಿನಿಯಂ ಇದ್ಯಲ್ಲ, ಅದೇ ಶಾಖ ಎಳ್ಕೊಳತ್ತೆ."

ಶಾಖಕ್ಕೆ ಈ ಏರ್ಪಾಡನ್ನು ಯಾರೂ ತಿಳಿಸಿರಲಿಲ್ಲವೆಂದು ಕಾಣುತ್ತದೆ. ಅದು ಪೆಟ್ಟಿಗೆಯೊಳಗೇ ಕೂತಿತ್ತು. ಮುಚ್ಚಳ ತೆಗೆದು ನೋಡಿದೆ. ಚಿಪ್‌ಗಳನ್ನು ಬೆಸೆದಿರಲಿಲ್ಲ, ಸಾಕೆಟ್‌ಗಳಲ್ಲಿ ಸಿಕ್ಕಿಸಿದ್ದರು. ಕೆಲವು ಒಂದು ತುದಿಯಲ್ಲಿ ಮೇಲಕ್ಕೆದ್ದಿದ್ದವು.

"ಬಿಸಿಗೆ ಹಿಗ್ಗಿ, ಆರಿದಾಗ ಕುಗ್ಗಿ, ಮೇಲೆ ಬಂದಿವೆ. ಒತ್ತಿ ಕೂರಿಸು" ಎಂದೆ.

"ಇದು ಕಾರಲ್ಲ ಕಣೇ."

ಮೂರು ತಿಂಗಳು ಅವನು ಪವರ್ ಸಪ್ಲೈ ಬದಲಿಸಿದ, ಕೇಬಲ್ ಒರೆಸಿದ, ಹಳೆ ಕಂಪ್ಯೂಟರ್‌ಗಳವರ ಗುಂಪೊಂದನ್ನು ಇಂಟರ್ನೆಟ್‌ನಲ್ಲಿ ಸೇರಿದ. ಒಂದು ಸಂಜೆ ಅಡುಗೆಮನೆಗೆ ಓಡಿಬಂದ. "ಗೊತ್ತಾಯ್ತು. ಒಹಾಯೋದಲ್ಲಿ ಒಬ್ಬ ಹೇಳ್ದ, ಬಿಸಿಗೆ ಚಿಪ್‌ಗಳು ಮೇಲೆ ಬರತ್ವಂತೆ."

"ಹೌದಾ? ಬುದ್ಧಿವಂತ" ಎಂದೆ.

ಚಿಪ್‌ಗಳನ್ನು ಒತ್ತಿದ, ಯಂತ್ರ ನಡೆಯಿತು. ಹಿಂದೊಂದು ಪುಟ್ಟ ಫ್ಯಾನ್ ಇಡೋಣವೆಂದು ನಾನು ಹೇಳಿದರೆ, ಒರಿಜಿನಲ್ ಡಿಸೈನ್ ಹಾಳಾಗುತ್ತದೆ ಎಂದು ನೊಂದುಕೊಂಡ. ಬದಲಿಗೆ, ಅದನ್ನು ತೋರಿಸಲು ಭಾನುವಾರ ನಾಲ್ಕು ಸಂಸಾರಗಳನ್ನು ಊಟಕ್ಕೆ ಕರೆದ.

ಬಿಸಿಬೇಳೆಬಾತ್ ಆರುತ್ತಿತ್ತು, ಗಂಡನ ಭಾಷಣ ಮುಗಿಯಲಿಲ್ಲ. ಸದ್ದಿಲ್ಲದ ವಿನ್ಯಾಸದ ಘನತೆಯವರೆಗೆ ಬಂದಾಗ ಪರದೆಯ ತುಂಬ ಅರ್ಥವಿಲ್ಲದ ಅಕ್ಷರಗಳು ಚೆಲ್ಲಿ ಯಂತ್ರ ನಿಂತಿತು. ಅವನು ಸ್ಕ್ರೂಡ್ರೈವರ್ ಹುಡುಕತೊಡಗಿದ. ನಾನು ಸೌಟು ಕೆಳಗಿಟ್ಟು ಬಂದು, ಪೆಟ್ಟಿಗೆಯ ಮುಂಭಾಗವನ್ನು ಮೂರು ಇಂಚು ಎತ್ತಿ ಕೈಬಿಟ್ಟೆ. ದಢ್ ಎಂದಿತು. ಸ್ವಿಚ್ ಹಾಕಿದರೆ ಹಸಿರು ಅಕ್ಷರಗಳು ನೆಟ್ಟಗೆ ಬಂದವು. ಬಿದ್ದ ಏಟಿಗೆ ಚಿಪ್‌ಗಳು ತಮ್ಮ ತಮ್ಮ ಜಾಗದಲ್ಲಿ ಕೂತಿದ್ದವು.

ಹುಬ್ಬಳ್ಳಿ ಕಡೆಯ ಅಂಕಲ್ ಒಬ್ಬರು ಗಂಭೀರವಾಗಿ ಕೇಳಿದರು: "ನಮ್ಮ ಮನಿ ಬೆಚ್ಚಗ ಇಡೋ ಫರ್ನೇಸೂ ಹಿಂಗ ಮಾಡಾಕತ್ತೈತಿ. ಒಮ್ಮೆ ಬಂದು ನೋಡ್ತೀಯೇನವಾ?"

ಎಲ್ಲರೂ ಹೋದ ಮೇಲೆ ಗಂಡ ಮೆಲ್ಲಗೆ, "ಹಾಗೆ ಎತ್ತಿ ಹಾಕಿದ್ರೆ ಸರಿಹೋಗತ್ತೆ ಅಂತ ನಿಂಗೆ ಹೇಗೆ ಗೊತ್ತಾಯ್ತು?" ಎಂದ.

"ಗೊತ್ತಿರಲಿಲ್ಲ. ಸಿಟ್ಟು ಬಂದಿತ್ತು, ಅಷ್ಟೆ."

ಅವನು ನಕ್ಕ. ಬಹಳ ದಿನಗಳ ಮೇಲೆ ನಾನೂ ನಕ್ಕೆ. ಮುಂದಿನ ಶನಿವಾರ ಅವನು ಟಾರ್ಚ್ ಹಿಡಿದು ನಿಂತ, ನಾನು ಹಿಂದುಗಡೆ ಫ್ಯಾನ್ ಕೂರಿಸಿದೆ. ಯಂತ್ರ ಎರಡು ಗಂಟೆ ನಿಲ್ಲದೆ ಓಡಿತು. ಸದ್ದು ಮಾತ್ರ ಜಾಸ್ತಿಯಾಯಿತೆಂದು ಬೇಸರಪಟ್ಟು, ಅವನೇ ಅದನ್ನು ಬೇಸ್‌ಮೆಂಟಿಗೆ ಹೊತ್ತೊಯ್ದ. ನಾನು ಬೇಡವೆನ್ನಲಿಲ್ಲ.